ಎಡಿಎಚ್‌ಡಿ ಮಾತ್ರೆ ಮತ್ತು ಮೂಡ್: ಬೇಗ ಇಳಿಯುವುದಾ, ದಿನವಿಡೀ ಇರುವುದಾ?

ಎಡಿಎಚ್‌ಡಿಗೆ (ಗಮನ ನಿಲ್ಲದಿರುವುದು, ಮರೆವು, ಚಡಪಡಿಕೆಯ ತೊಂದರೆ) ಕೊಡುವ ಮೀಥೈಲ್‌ಫೆನಿಡೇಟ್ ಎಂಬ ಔಷಧ ಎರಡು ಬಗೆಯಲ್ಲಿ ಸಿಗುತ್ತದೆ. ಒಂದರ ಪರಿಣಾಮ ಸುಮಾರು 3-4 ಗಂಟೆ. ನಿಧಾನವಾಗಿ ಬಿಡುಗಡೆಯಾಗುವ ಇನ್ನೊಂದು, ಬ್ರ್ಯಾಂಡ್ ನೋಡಿಕೊಂಡು, 8ರಿಂದ 12 ಗಂಟೆ ಇರುತ್ತದೆ.

ಮೂಡ್ ಕೆಡುವುದು ಹೆಚ್ಚಾಗಿ ಮಾತ್ರೆಯ ಪರಿಣಾಮ ಇಳಿಯುವಾಗ. ಯಾರಾದರೂ 'ಊಟ ಆಯ್ತಾ?' ಅಂದರೂ ರೇಗಿಹೋಗುತ್ತದೆ, ಇಲ್ಲವೇ ಸುಮ್ನೆ ಅಳು ಬರುತ್ತದೆ. ಚಿಕ್ಕ ಅವಧಿಯದ್ದನ್ನು ದಿನಕ್ಕೆ ಎರಡು ಮೂರು ಸಲ ತೆಗೆದುಕೊಂಡರೆ ಈ ಇಳಿತವೂ ಅಷ್ಟೇ ಸಲ ಬರಬಹುದು. ಜೊತೆಗೆ ಮುಂದಿನ ಡೋಸ್ ನೆನಪಿಡಬೇಕು. ಮರೆವೇ ಕಾಯಿಲೆಯಾದವರಿಗೆ ಒಳ್ಳೆ ಕೆಲಸ, ಅಲ್ವಾ! ಲಾಭವೂ ಇದೆ: ಒಗ್ಗದಿದ್ದರೆ ಬೇಗ ಇಳಿದುಬಿಡುತ್ತದೆ, ರಾತ್ರಿ ನಿದ್ದೆಗೂ ತೊಂದರೆ ಕಡಿಮೆ.

ದೀರ್ಘ ಅವಧಿಯದ್ದರಲ್ಲಿ ಏರಿಳಿತ ಕಡಿಮೆ, ಇಳಿತ ಸಂಜೆ ಒಂದೇ ಸಲ. ಆದರೆ ಮನಸ್ಸು ಮಂಕಾದರೆ ದಿನವಿಡೀ ಮಂಕು. ತಡವಾಗಿ ನುಂಗಿದರೆ ನಿದ್ದೆ ಹತ್ತುವುದಿಲ್ಲ.

ಸಿಡುಕೇ ದೊಡ್ಡ ತಲೆನೋವಾಗಿದ್ದರೆ ನಾನು ದೀರ್ಘ ಅವಧಿಯದ್ದರ ಕಡೆಗೇ ವಾಲುತ್ತೇನೆ. ಡಾಕ್ಟರ್ ಹತ್ತಿರ ಹೋಗುವ ಮೊದಲು ಒಂದು ವಾರ ಬರೆದಿಡಿ: ಮಾತ್ರೆ ಎಷ್ಟು ಹೊತ್ತಿಗೆ, ಸಿಡುಕು ಎಷ್ಟು ಹೊತ್ತಿಗೆ, ಮಧ್ಯಾಹ್ನ ಊಟ ಮಾಡಿದ್ರಾ. ಮಾತ್ರೆ ಜೋರಾಗಿರುವಾಗಲೇ ಸಿಡುಕಿದರೆ ಡೋಸ್ ಜಾಸ್ತಿ ಆಗಿರಬಹುದು. ಇಳಿಯುವಾಗ ಮಾತ್ರ ಆದರೆ ಸಮಯ ಬದಲಿಸಿಯೋ, ಚಿಕ್ಕ ಡೋಸ್ ಸೇರಿಸಿಯೋ ಡಾಕ್ಟರ್ ನೋಡಬಹುದು. ಮಾತ್ರೆಯಿಂದ ಹಸಿವೇ ಆಗದೆ ಊಟ ಬಿಟ್ಟರೂ ಸಿಟ್ಟು ಬರುತ್ತದೆ.

ಡೋಸ್ ನೀವಾಗಿಯೇ ಬದಲಿಸಬೇಡಿ. ಸಾಯುವ ಯೋಚನೆ, ವಿಪರೀತ ಅನುಮಾನ, ನಿದ್ದೆಯೇ ಬೇಡವೆನ್ನಿಸುವ ಹುರುಪು ಕಂಡರೆ ಅಂದೇ ಡಾಕ್ಟರಿಗೆ ಫೋನ್ ಮಾಡಿ.