ಕೋಟೆ ತೋರಿಸಿದ ಒಬ್ಬ ಗೈಡ್ ಕುರಿತು: ಚಿತ್ರದುರ್ಗದಲ್ಲಿ ಮೂರೂವರೆ ಗಂಟೆ

ದಾವಣಗೆರೆಯಲ್ಲಿ ಇರುವ ನಮಗೆ ಚಿತ್ರದುರ್ಗದ ಕೋಟೆ ದೂರದ ಪ್ರವಾಸಿ ತಾಣವಲ್ಲ. ಮನೆಗೆ ನೆಂಟರು ಬಂದಾಗಲೆಲ್ಲ ಕರೆದುಕೊಂಡು ಹೋಗಿ ತೋರಿಸಿ ಬರುವ ಜಾಗ. ಹೀಗಾಗಿ ಅಲ್ಲಿಯ ಗೈಡ್‌ಗಳ ಬಗ್ಗೆ ನನಗೆ ವಿಶೇಷ ನಿರೀಕ್ಷೆ ಉಳಿದಿರಲಿಲ್ಲ. ಕೆಲವು ವರ್ಷಗಳ ಹಿಂದೆ ನಾವು ಗೊತ್ತುಮಾಡಿಕೊಂಡಿದ್ದ ಒಬ್ಬರು ಓಬವ್ವನ ಕಿಂಡಿಯಲ್ಲಿ ಫೋಟೋ ತೆಗೆದುಕೊಟ್ಟು, ಏಕನಾಥೇಶ್ವರಿ ಗುಡಿಯ ಮುಂದೆ ನಮ್ಮನ್ನು ಬಿಟ್ಟು, ಮುಕ್ಕಾಲು ಗಂಟೆಯೊಳಗೆ ಮುಂದಿನ ತಂಡವನ್ನು ಹುಡುಕಿಕೊಂಡು ಹೋಗಿಬಿಟ್ಟಿದ್ದರು. ಈ ಸಲ ನನ್ನ ಮಾವನವರು ಹಟ ಹಿಡಿದದ್ದರಿಂದ ಬಾಗಿಲ ಬಳಿ ನಿಂತಿದ್ದ ಹಿರಿಯರೊಬ್ಬರನ್ನು ಮಾತಾಡಿಸಿದೆವು. ಪೂರ್ತಿ ಸುತ್ತಿಗೆ 800 ರೂಪಾಯಿ ಎಂದರು. ನಾವು ಚೌಕಾಸಿ ಮಾಡಲಿಲ್ಲ, ಅವರೂ ಕೊನೆಗೆ ಒಂದು ರೂಪಾಯಿ ಹೆಚ್ಚು ಕೇಳಲಿಲ್ಲ.

ಅವರ ಸೇವೆಯ ಗುಣ ಮೊದಲ ಐದು ನಿಮಿಷದಲ್ಲೇ ತಿಳಿಯಿತು. "ಯಾವೂರು ಯಜಮಾನ್ರೇ ತಮ್ದು?" ಎಂದು ಮಾವನವರನ್ನು ಕೇಳಿದರು. ಮಾಯಕೊಂಡ ಎಂದ ಕೂಡಲೇ ಅವರು ನಡಿಗೆ ನಿಲ್ಲಿಸಿ, "ಹಂಗಾದ್ರೆ ನಮ್ಮ ಹಿರೇ ಮದಕರಿ ನಾಯಕರು ಬಿದ್ದದ್ದು ನಿಮ್ಮೂರ ಬಯಲಲ್ಲೇ" ಎಂದು, ಕೋಟೆಯ ಕಥೆಯನ್ನು ಕೋಟೆಯಿಂದಲ್ಲ, 1748ರ ಮಾಯಕೊಂಡ ಕಾಳಗದಿಂದ ಆರಂಭಿಸಿದರು. ದುರ್ಗ, ಹರಪನಹಳ್ಳಿ, ಬಿದನೂರು ಹೀಗೆ ಅಕ್ಕಪಕ್ಕದ ನಾಯಕರು ತಲೆಮಾರುಗಟ್ಟಲೆ ಕಾದಾಡಿ ಒಬ್ಬರನ್ನೊಬ್ಬರು ಸೊರಗಿಸಿದರು. ಆ ಹಗೆಯೇ ಮುಂದೆ 1763ರಲ್ಲಿ ಮೈಸೂರಿನ ಹೈದರ್ ಅಲಿ ಬಿದನೂರಿನ ಮೇಲೆ ಏರಿ ಹೋದಾಗ ದುರ್ಗದವರು ಅವನ ಪರವಾಗಿ ನಿಲ್ಲುವಂತೆ ಮಾಡಿತು ಎಂಬುದು ಅವರ ವಿವರಣೆ. ಬಿದನೂರು ಬಿದ್ದ ಮೇಲೆ ದುರ್ಗದ ಪಶ್ಚಿಮಕ್ಕೆ ಹಳೆಯ ಶತ್ರುವಿನ ಬದಲು ಅವನಿಗಿಂತ ಹತ್ತು ಪಟ್ಟು ಬಲವಿದ್ದ ಹೊಸ ನೆರೆಯವನು ಬಂದು ಕುಳಿತ. ಎಪ್ಪತ್ತು ವರ್ಷ ಆ ಊರಿನಲ್ಲೇ ಬಾಳಿದ ಮಾವನವರಿಗೆ ತಮ್ಮ ಹೊಲದಾಚೆಯ ಬಯಲು ಇಷ್ಟು ದೊಡ್ಡ ಕಥೆಯ ಮೊದಲ ಪುಟ ಎಂಬುದು ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಗೋಪಾಲಸ್ವಾಮಿ ಹೊಂಡದ ಪಕ್ಕದ ಬಂಡೆಯ ಮೇಲೆ ನಮ್ಮನ್ನು ಕೂರಿಸಿ ಅವರು ಮಾಡಿದ ಕೆಲಸವನ್ನು ನಾನು ಬಹಳ ದಿನ ನೆನಪಿಡುತ್ತೇನೆ. ನೆಲದಿಂದ ಮೂರು ಸಣ್ಣ ಕಲ್ಲುಗಳನ್ನು ಆಯ್ದು ಸಾಲಾಗಿ ಇಟ್ಟರು. ಉತ್ತರದ್ದು ಮರಾಠರ ಪುಣೆ, ದಕ್ಷಿಣದ್ದು ಹೈದರನ ಶ್ರೀರಂಗಪಟ್ಟಣ, ನಡುವಿನದು ದುರ್ಗ. "ಈ ಎರಡು ಕಲ್ಲು ಇಪ್ಪತ್ತು ವರ್ಷ ಗುದ್ದಾಡಿದ್ವು ಸರ್, ನಡುವಿಂದು ಏನಾಗ್ಬೇಕು?" 1761ರ ಪಾಣಿಪತ್ ಸೋಲಿನಿಂದ ಮರಾಠರು ತತ್ತರಿಸಿದ ವರ್ಷವೇ ಹೈದರ್ ಮೈಸೂರಿನ ಅಧಿಕಾರವನ್ನು ಕೈಗೆ ತೆಗೆದುಕೊಂಡ. ಪೇಶ್ವೆ ಮಾಧವರಾಯ ಚೇತರಿಸಿಕೊಂಡು 1764ರಿಂದ 1772ರವರೆಗೆ ಮತ್ತೆ ಮತ್ತೆ ಕೃಷ್ಣೆ ದಾಟಿ ಬಂದ. ದಸರಾ ಮುಗಿದು ಮಳೆ ನಿಂತು ದಾರಿ ಒಣಗಿದರೆ ದಂಡು ಹೊರಡುತ್ತಿತ್ತು. ರೈತ ಕಣ ಮಾಡುವ ಹೊತ್ತಿಗೆ ಸರಿಯಾಗಿ ಸೈನ್ಯ ಬರುತ್ತಿತ್ತು ಎಂಬುದನ್ನು ಅವರು ಹೇಳಿದ ರೀತಿ, ತಾರೀಕುಗಳಿಗಿಂತ ಚೆನ್ನಾಗಿ ಆ ಕಾಲವನ್ನು ಕಣ್ಣ ಮುಂದೆ ತಂದಿತು.

ಈ ಅವಧಿಯ ಕೊನೆಯ ಮದಕರಿ ನಾಯಕನನ್ನು ಅವರು ವೀರ ಎಂದು ಕೊಂಡಾಡುವುದಕ್ಕಷ್ಟೇ ನಿಲ್ಲಿಸಲಿಲ್ಲ. ಬಿದನೂರಿನಲ್ಲಿ ಹೈದರನಿಗೆ ನೆರವಾದವನೇ 1770ರಲ್ಲಿ ನಿಜಗಲ್ಲು ಕೋಟೆಯ ಮುತ್ತಿಗೆಯಲ್ಲಿ ಮರಾಠರ ಪರ ನಿಂತ. ಬೆಟ್ಟ ಹತ್ತುವುದರಲ್ಲಿ ಪಳಗಿದ ದುರ್ಗದ ಬೇಡರ ಪಡೆಯೇ ಅಲ್ಲಿ ಮರಾಠರ ಕೈ ಹಿಡಿದದ್ದು. 1777ರಲ್ಲಿ ಹೈದರ್ ದುರ್ಗವನ್ನು ಮುತ್ತಿದಾಗ ತಿಂಗಳುಗಟ್ಟಲೆ ತಡೆದು, ಭಾರೀ ಕಪ್ಪಕ್ಕೆ ಒಪ್ಪಿ ರಾಜಿ ಮಾಡಿಕೊಂಡ. ಇದನ್ನು ಚಂಚಲ ಬುದ್ಧಿ ಎಂದು ಬರೆದವರಿದ್ದಾರೆ. ಎರಡು ದೊಡ್ಡ ಶಕ್ತಿಗಳ ಯುದ್ಧ ಮುಗಿಯದೆ ಎಳೆಯುತ್ತಿದ್ದಾಗ ನಡುವಿನವನಿಗೆ ಪ್ರತಿ ವರ್ಷವೂ ಹೊಸದಾಗಿ ಪಕ್ಷ ಆರಿಸಿಕೊಳ್ಳುವ ಅನಿವಾರ್ಯತೆ ಇರುತ್ತದೆ, ಮತ್ತು ಇಬ್ಬರೂ ಅವನನ್ನು ನಂಬುವುದಿಲ್ಲ ಎಂಬ ಗೈಡ್ ಅವರ ಮಾತು ನನಗೆ ಹೆಚ್ಚು ನ್ಯಾಯವಾಗಿ ಕಂಡಿತು. ಮರಾಠರು ಬರುವವರೆಗೆ ತಡೆದರೆ ಸಾಕು ಎಂಬ ಲೆಕ್ಕ ಅದುವರೆಗೆ ಸುಳ್ಳಾಗಿರಲಿಲ್ಲ.

1779ರಲ್ಲಿ ಅದು ಸುಳ್ಳಾಯಿತು. ಕೋಟೆ ಬಿತ್ತು, ನಾಯಕನನ್ನೂ ಅವನ ಕುಟುಂಬವನ್ನೂ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು, ಬೇಡರ ಸಾವಿರಾರು ಕುಟುಂಬಗಳನ್ನು ಊರು ಬಿಡಿಸಿದರು. ಒಳಗಿನವರ ದ್ರೋಹದಿಂದ ಕೋಟೆ ಬಿತ್ತೆಂಬ ಮಾತನ್ನು ಅವರು ಮುಚ್ಚಿಡಲಿಲ್ಲ, ಆದರೆ ಅಲ್ಲಿಗೇ ಮುಗಿಸಲೂ ಇಲ್ಲ. ಈ ಹಂತದಲ್ಲಿ ಅವರು ನಡುವಿನ ಕಲ್ಲನ್ನು ಎತ್ತಿ ಜೇಬಿಗೆ ಹಾಕಿಕೊಂಡು, ಬಲಗಡೆ ದೂರದಲ್ಲಿ ನಾಲ್ಕನೆಯದೊಂದನ್ನು ಇಟ್ಟರು: ಮದರಾಸು, ಅಂದರೆ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿ. ಪುಣೆ 1775ರಿಂದಲೇ ಕಂಪನಿಯೊಡನೆ ಯುದ್ಧದಲ್ಲಿತ್ತು. ದುರ್ಗ ಬಿದ್ದ ವರ್ಷವೇ ಇಂಗ್ಲಿಷರು ಹೈದರನ ರಕ್ಷಣೆಯಲ್ಲಿದ್ದ ಫ್ರೆಂಚರ ಮಾಹೆ ಬಂದರನ್ನು ಹಿಡಿದರು. 1780ರ ಆರಂಭಕ್ಕೆ ಪುಣೆ ಮತ್ತು ಶ್ರೀರಂಗಪಟ್ಟಣ ಕೈಜೋಡಿಸಿದವು. ಕೃಷ್ಣೆಯ ದಕ್ಷಿಣಕ್ಕೆ ಹೈದರ್ ಗೆದ್ದುಕೊಂಡಿದ್ದನ್ನೆಲ್ಲ ಪುಣೆ ಅವನದೆಂದು ಒಪ್ಪಿತು. ಗೈಡ್ ಎರಡೂ ಕಲ್ಲುಗಳನ್ನು ಬೆರಳಿನಿಂದ ಒಂದಕ್ಕೊಂದು ತಾಗುವಂತೆ ತಳ್ಳಿದಾಗ, ಮೊದಲು ನಡುವಿನದು ಇದ್ದ ಜಾಗ ಖಾಲಿಯಾಗಿದ್ದದ್ದರಿಂದಲೇ ಅವು ತಾಗಿದವು. ಮಾವನವರು ಏನೂ ಮಾತಾಡದೆ ಆ ಜಾಗವನ್ನೇ ನೋಡುತ್ತ ಕುಳಿತಿದ್ದರು. ಮಾಧವರಾಯನಿಗೆ ಸೋತಾಗ ಕೊಡಬೇಕಾಗಿ ಬಂದಿದ್ದ ನಾಡು, ಹಗೆಯನ್ನು ಮರೆತಿದ್ದರಿಂದಲ್ಲ, ಇಬ್ಬರಿಗೂ ಇನ್ನೊಂದು ದಿಕ್ಕಿನಿಂದ ಭಯ ಬಂದಿದ್ದರಿಂದ ಹೈದರನಿಗೆ ದಕ್ಕಿತು. ಆ ಬೆಲೆಯಲ್ಲಿ ದುರ್ಗದ ಪಾಲೂ ಇತ್ತು.

ಮುಂದಿನ ಭಾಗದಲ್ಲಿ ಒಂದು ತಪ್ಪಾಯಿತು, ಅದನ್ನು ಹೇಳಲೇಬೇಕು. ಮರಾಠರು ಕಂಪನಿಯೊಡನೆ ಸಾಲ್ಬಾಯ್ ಒಪ್ಪಂದ ಮಾಡಿಕೊಂಡದ್ದು 1784ರಲ್ಲಿ ಎಂದು ಅವರು ಹೇಳಿದರು. ಅದು 1782, ಮತ್ತು 1784 ಟಿಪ್ಪುವಿನ ಮಂಗಳೂರು ಒಪ್ಪಂದದ ವರ್ಷ. ಇಲ್ಲಿ ಅನುಕ್ರಮವೇ ಮುಖ್ಯ. ಪುಣೆ ಮೊದಲು ತನ್ನ ಪಾಡಿಗೆ ಸಂಧಿ ಮಾಡಿಕೊಂಡು ಹೊರಬಂದದ್ದರಿಂದ ಮೈಸೂರು ಒಂಟಿಯಾಯಿತು, ಅದೇ ವರ್ಷದ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡ, ಟಿಪ್ಪು ಒಬ್ಬನೇ ಹೋರಾಡಿ 1784ರಲ್ಲಿ ಸಂಧಿಗೆ ಬಂದ. ವರ್ಷ ಅದಲುಬದಲಾದರೆ ಯಾರು ಯಾರನ್ನು ಬಿಟ್ಟರೆಂಬುದೇ ಕಾಣುವುದಿಲ್ಲ. ಅಲ್ಲಿಂದ ಮುಂದೆ 1785ರಿಂದ ಮತ್ತೆ ಯುದ್ಧ, 1787ರಲ್ಲಿ ಗಜೇಂದ್ರಗಡದಲ್ಲಿ ರಾಜಿ, 1790ರಲ್ಲಿ ಪುಣೆ ಕಂಪನಿಯ ಪಕ್ಷಕ್ಕೆ ಸೇರಿ ಟಿಪ್ಪುವಿನ ಮೇಲೆ ಬಂದದ್ದು, ಇವನ್ನೆಲ್ಲ ಅವರು ಸರಿಯಾಗಿಯೇ ಹೇಳಿದರು.

ಜನ ಹೇಳುವುದು ಯಾವುದು, ಬರೆದಿಟ್ಟದ್ದು ಯಾವುದು ಎಂದು ಬೇರೆ ಮಾಡಿ ಹೇಳುವ ಅವರ ಪ್ರಾಮಾಣಿಕತೆ ದೊಡ್ಡದು; ಓಬವ್ವನ ಕಥೆಯನ್ನೂ ಅವರು ಹಾಗೆಯೇ, ಗೌರವ ಕಡಿಮೆಯಾಗದಂತೆ ಹೇಳಿದರು. ಮುತ್ತಿಗೆಯನ್ನು ತಿಂಗಳುಗಟ್ಟಲೆ ತಡೆಯುವುದೆಂದರೆ ಏನು ಎಂಬುದನ್ನು ಹೊಂಡಗಳಲ್ಲಿ ತೋರಿಸಿದರು. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ ಇಳಿಯುತ್ತದೆ. ಸಿಡಿಮದ್ದು ಬೀಸುವ ಗುಂಡಿಯಲ್ಲಿ ನಾಲ್ಕು ಬೃಹತ್ ಬೀಸುವ ಕಲ್ಲುಗಳಿವೆ. ಅಂಚಿನ ಮೇಲೆ ಅಂಗೈ ಇಟ್ಟು ನೋಡಿ ಎಂದರು. ತಿರುಗಿ ತಿರುಗಿ ಸವೆದ ಆ ಮೈ, ಮನೆಯ ಒರಳಿನಷ್ಟೇ ನುಣುಪಾಗಿತ್ತು.

ಕೊರತೆಗಳಿಲ್ಲದೆ ಇಲ್ಲ. ಅವರ ನಡಿಗೆ ಚುರುಕು, ಮಂಡಿ ನೋವಿರುವ ಮಾವನವರು ಎರಡು ಕಡೆ ಹಿಂದೆ ಉಳಿದರು. ಗುಡಿಗಳ ಶಿಲ್ಪದ ಬಗ್ಗೆ ಅವರಿಗೆ ಆಸಕ್ತಿ ಕಡಿಮೆ. ಹಿಡಿಂಬೇಶ್ವರದಲ್ಲಿ ಎರಡು ಮಾತಿಗಿಂತ ಹೆಚ್ಚು ಹೇಳಲಿಲ್ಲ, 1568ರಲ್ಲಿ ಈ ಮನೆತನವನ್ನು ಆರಂಭಿಸಿದ ತಿಮ್ಮಣ್ಣ ನಾಯಕ ಒಂದೇ ವಾಕ್ಯದಲ್ಲಿ ಬಂದುಹೋದ. ಸಣ್ಣ ಮಕ್ಕಳಿದ್ದರೆ ಮೂರೂವರೆ ಗಂಟೆ ಹೆಚ್ಚಾಗುತ್ತದೆ. ಇತಿಹಾಸವನ್ನು ಕೇಳುವ ತಾಳ್ಮೆ ಇರುವವರು ಮಾತ್ರ "ಪೂರ್ತಿ ಸುತ್ತು" ಎಂದು ಮೊದಲೇ ಹೇಳಿ, ಬಿಸಿಲೇರುವ ಮುಂಚೆ ಹೊರಟು, ಕುಡಿಯುವ ನೀರನ್ನು ಕೆಳಗಿನಿಂದಲೇ ತೆಗೆದುಕೊಂಡು ಹೋಗುವುದು ಒಳ್ಳೆಯದು.

ಮೇಲಿನ ಮುರುಘಾ ಮಠದ ಕಡೆಯ ಭಾಗ ಉಳಿದುಹೋಗಿದೆ. ಅದಕ್ಕೆ ಮತ್ತೆ ಅವರೇ ಬೇಕು ಎಂದು ಮಾವನವರು ಇಳಿಯುವಾಗಲೇ ಮಾತಾಡಿಟ್ಟಿದ್ದಾರೆ. "ಮಳೆಗಾಲದಾಗ ಬ್ಯಾಡ್ರಿ ಯಜಮಾನ್ರೇ, ಬಂಡೆ ಜಾರ್ತದೆ. ದಸರಾ ಕಳೆದ ಮೇಲೆ ಬನ್ನಿ" ಎಂದಿದ್ದಾರೆ.