ಎಲ್‌ನ್ಯಾವ್: ಟರ್ಮಿನಲ್‌ನಲ್ಲಿ ಲಾಗ್ ಓದಲು ನನ್ನ ಮೊದಲ ಆಯ್ಕೆ, ಆ ದೊಡ್ಡ 'ಸಿ' ಒಂದನ್ನು ಬಿಟ್ಟು

ದೂರನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್‌ನ್ಯಾವ್ (lnav) ಎಂದರೆ ಸರ್ವರ್ ತನ್ನ ಕೆಲಸದ ಬಗ್ಗೆ ಬರೆದಿಡುವ ಲಾಗ್ ಫೈಲುಗಳನ್ನು ಟರ್ಮಿನಲ್‌ನಲ್ಲಿ, ಅಂದರೆ ಕಮ್ಯಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ, ಓದಲು ಇರುವ ಪ್ರೋಗ್ರಾಂ. ಅದರಲ್ಲಿ ಬೇಕಾದ ಸಾಲಿನ ಮೇಲೆ 'ಎಂ' ಒತ್ತಿದರೆ ಅದಕ್ಕೆ ಗುರುತು ಬೀಳುತ್ತದೆ. ಹೀಗೆ ಸಾಲುಗಳನ್ನು ಆರಿಸಿಟ್ಟುಕೊಂಡು ಸಣ್ಣ 'ಸಿ' ಒತ್ತಿದರೆ ಅಷ್ಟೂ ಕ್ಲಿಪ್‌ಬೋರ್ಡಿಗೆ ಕಾಪಿ ಆಗುತ್ತವೆ. ಶಿಫ್ಟ್ ಸೇರಿಸಿ ದೊಡ್ಡ 'ಸಿ' ಒತ್ತಿದರೆ ಹಾಕಿದ ಗುರುತುಗಳೆಲ್ಲ ಅಳಿಸಿಹೋಗುತ್ತವೆ. ಕಾಪಿ ಮಾಡುವುದೂ ಅಳಿಸುವುದೂ ಒಂದೇ ಕೀಯಲ್ಲಿ! ರಾತ್ರಿ ಹನ್ನೊಂದಕ್ಕೆ ಸೈಟ್ ಬಿದ್ದಿದೆ, ಫೋನಿನಲ್ಲಿ ಗ್ರಾಹಕರು "ಸರ್, ಇನ್ನೂ ಎಷ್ಟೊತ್ತಾಗತ್ತೆ?" ಅಂತ ಕೇಳ್ತಾ ಇದ್ದಾರೆ, ಸಾವಿರಾರು ಸಾಲುಗಳ ನಡುವಿಂದ ಸಂಬಂಧಪಟ್ಟ ಏಳೆಂಟನ್ನು ಹುಡುಕಿ ಗುರುತು ಹಾಕಿಟ್ಟಿದ್ದೀರಿ ಅಂದುಕೊಳ್ಳಿ. ಅಂಥ ಹೊತ್ತಿನಲ್ಲಿ ಕೈ ಕೀಬೋರ್ಡ್ ನೋಡಿಕೊಂಡು ಓಡುವುದಿಲ್ಲ. ಈ ಜೋಡಣೆ ತಪ್ಪು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇಷ್ಟು ಸಿಟ್ಟಿದ್ದರೂ ಬಿಟ್ಟಿಲ್ಲ ಏಕೆಂದರೆ ಇದಕ್ಕೆ ಸರಿಸಾಟಿ ಇನ್ನೊಂದು ನನಗೆ ಸಿಕ್ಕಿಲ್ಲ. ನಾನು ನೋಡಿಕೊಳ್ಳುವುದು ಸಣ್ಣ ಸಣ್ಣ ವಿಪಿಎಸ್‌ಗಳನ್ನು, ಅಂದರೆ ಬಾಡಿಗೆಯ ವರ್ಚುವಲ್ ಸರ್ವರ್‌ಗಳನ್ನು. ಲಾಗ್‌ಗಳಿಗೆಂದೇ ಬೇರೆ ಸರ್ವರ್ ಇಟ್ಟು, ಡ್ಯಾಶ್‌ಬೋರ್ಡ್ ಕಟ್ಟಿ, ತಿಂಗಳು ತಿಂಗಳು ಬಿಲ್ ಕಟ್ಟುವಷ್ಟು ಬಜೆಟ್ ಇಲ್ಲ. ಎಲ್‌ನ್ಯಾವ್ ಉಚಿತ, ಓಪನ್ ಸೋರ್ಸ್. ಲಿನಕ್ಸ್‌ಗೆ ಒಂದೇ ಒಂದು ಬೈನರಿ (ನೇರವಾಗಿ ಓಡಿಸಬಹುದಾದ) ಫೈಲು ತಂದಿಟ್ಟರೆ ಸಾಕು. ಹಿಂದೆ ಸರ್ವರ್ ಬೇಡ, ಡೇಟಾಬೇಸ್ ಬೇಡ. ಎಸ್‌ಎಸ್‌ಎಚ್‌ನಲ್ಲಿ (ದೂರದ ಸರ್ವರ್‌ಗೆ ಲಾಗಿನ್ ಆಗುವ ದಾರಿ) ಒಳಹೊಕ್ಕರೆ ಅಲ್ಲೇ ಕೆಲಸ.

ನನ್ನ ಬೆಳಗಿನ ಸುತ್ತು ಹೀಗಿರುತ್ತದೆ. ಎನ್‌ಜಿನ್‌ಎಕ್ಸ್ (ವೆಬ್ ಸರ್ವರ್), ಪಿಎಚ್‌ಪಿ (ಸೈಟಿನ ಕೋಡ್ ಓಡಿಸುವುದು), ಮರಿಯಾಡಿಬಿ (ಡೇಟಾಬೇಸ್) ಮೂರರ ಲಾಗ್‌ಗಳನ್ನೂ ಒಟ್ಟಿಗೆ ತೆರೆಯುತ್ತೇನೆ. ಮೂರೂ ಒಂದೇ ಹರಿವಾಗಿ, ಸಮಯದ ಕ್ರಮದಲ್ಲಿ ಹೆಣೆದುಕೊಂಡು ಬರುತ್ತವೆ. ಯಾವ ಫೈಲಿನ ನಮೂನೆ ಯಾವುದು ಎಂದು ನಾನು ಹೇಳಿಕೊಡಬೇಕಿಲ್ಲ. ಕೊನೆಯ ಸಾಲಿನಲ್ಲಿ ನಿಂತು, ಹೊಸದು ಬಂದ ಹಾಗೆ ತಾನೇ ಮುಂದೆ ಓಡುತ್ತದೆ. ಅಲ್ಲಿಂದ ದೊಡ್ಡ 'ಐ' ಒತ್ತುತ್ತೇನೆ. ಯಾವ ಹೊತ್ತಿನಲ್ಲಿ ಎಷ್ಟು ಸಾಲು ಬಿದ್ದಿದೆ, ಅದರಲ್ಲಿ ಎರರ್ ಎಷ್ಟು, ವಾರ್ನಿಂಗ್ ಎಷ್ಟು ಎಂಬ ಪಟ್ಟಿ ಕಣ್ಣೆದುರು ನಿಲ್ಲುತ್ತದೆ. ಎರರ್‌ಗಳ ಕೆಂಪು ಗೆರೆ ಉದ್ದವಾದ ಕಡೆ ನಿಂತು ಮತ್ತೆ ದೊಡ್ಡ 'ಐ' ಒತ್ತಿದರೆ ಸೀದಾ ಅದೇ ಹೊತ್ತಿನ ಸಾಲುಗಳಿಗೆ ಬಂದಿಳಿಯುತ್ತೇನೆ. ಅಲ್ಲಿಂದ ಸಣ್ಣ 'ಇ' ಮುಂದಿನ ಎರರ್‌ಗೆ, ದೊಡ್ಡ 'ಇ' ಹಿಂದಿನದಕ್ಕೆ. ವಾರ್ನಿಂಗ್‌ಗೆ 'ಡಬ್ಲ್ಯೂ' ಕೂಡ ಹಾಗೇ.

ಇವೆಲ್ಲಕ್ಕಿಂತ ಪ್ರೀತಿಯ ಕೀ 'ಡಿ'. ದೊಡ್ಡ 'ಡಿ' ಒತ್ತಿದರೆ ಸರಿಯಾಗಿ 24 ಗಂಟೆ ಹಿಂದಕ್ಕೆ, ಸಣ್ಣದು ಒತ್ತಿದರೆ 24 ಗಂಟೆ ಮುಂದಕ್ಕೆ. ರಾತ್ರಿ ಎರಡು ಗಂಟೆಗೆ ಓಡುವ ಬ್ಯಾಕಪ್ ಇವತ್ತು ಎಡವಿದ್ದರೆ, ನಿನ್ನೆ ಇದೇ ಹೊತ್ತಿಗೆ ಹೇಗೆ ಓಡಿತ್ತು ಎಂದು ನೋಡಲು ಒಂದು ಬೆರಳು ಸಾಕು. ಗ್ರೆಪ್ (ಪಠ್ಯ ಹುಡುಕುವ ಕಮ್ಯಾಂಡ್) ಹಾಕಿ, ತಾರೀಖು ತಿದ್ದಿ, ಮತ್ತೆ ಗ್ರೆಪ್ ಹಾಕುವ ಕಷ್ಟ ಇಲ್ಲಿಲ್ಲ. ಈ ಕೀ ಹೀಗೆ ಕೆಲಸ ಮಾಡುತ್ತದೆಂದು ತಿಳಿದ ದಿನ ನಿಜವಾಗಿ ಖುಷಿಯಾಗಿತ್ತು.

ನಮ್ಮವರಿಗೆ ಉಪಯೋಗವಾಗುವ ಇನ್ನೊಂದು ಸಂಗತಿ. ಒಂದು ಆ್ಯಪ್ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ), ಇನ್ನೊಂದು ಭಾರತೀಯ ಕಾಲಮಾನದಲ್ಲಿ ಲಾಗ್ ಬರೆದರೆ ನಡುವೆ ಐದೂವರೆ ಗಂಟೆ ವ್ಯತ್ಯಾಸ. ಸಾಲಿನಲ್ಲಿ ಟೈಮ್‌ಝೋನ್ ನಮೂದಿಸದಿದ್ದರೆ ಹೆಣಿಗೆ ತಪ್ಪುತ್ತದೆ. 'ಅಡ್ಜಸ್ಟ್ ಲಾಗ್ ಟೈಮ್' ಎಂಬ ಕಮ್ಯಾಂಡ್ ಕೊಟ್ಟು ಮೇಲಿನ ಸಾಲಿನ ಸರಿಯಾದ ಸಮಯ ಹೇಳಿದರೆ ಆ ಫೈಲಿನ ಉಳಿದ ಸಾಲುಗಳೂ ಅಷ್ಟೇ ಸರಿಯುತ್ತವೆ.

ಇನ್ನು ಫೈಲ್ ಆರಿಸುವ ವಿಷಯ. ಇಲ್ಲಿ ನನ್ನ ತಾಳ್ಮೆ ಮತ್ತೆ ಕಮ್ಮಿಯಾಗುತ್ತದೆ. ಇಡೀ ಫೋಲ್ಡರನ್ನೇ ಕೊಟ್ಟು ತೆರೆಯಬಹುದು. ಜಿಝಿಪ್ ಆದ, ಅಂದರೆ ಕುಗ್ಗಿಸಿಟ್ಟ, ಹಳೆಯ ಫೈಲುಗಳನ್ನೂ ತಾನೇ ಬಿಚ್ಚಿಕೊಳ್ಳುತ್ತದೆ. ಆದರೆ ಎಲ್ಲವೂ ಬಂದು ಕೂತ ಮೇಲೆ ಸೈಟಿಗೆ ಬರುವ ಪ್ರತಿ ಕೋರಿಕೆಯನ್ನೂ ಬರೆಯುವ ಆಕ್ಸೆಸ್ ಲಾಗ್‌ನ ಪ್ರವಾಹದಲ್ಲಿ ಬೇರೇನೂ ಕಾಣುವುದಿಲ್ಲ. ಅದನ್ನೊಂದು ಬದಿಗಿಡಬೇಕೆಂದರೆ ಟ್ಯಾಬ್ ಒತ್ತಬೇಕು, ಮೊದಲು ಫಿಲ್ಟರ್‌ಗಳ (ಯಾವ ಸಾಲು ಕಾಣಬೇಕು, ಯಾವುದು ಬೇಡ ಎಂಬ ನಿಯಮಗಳ) ಫಲಕ ತೆರೆಯುತ್ತದೆ, ಅಲ್ಲಿ ದೊಡ್ಡ 'ಎಫ್' ಒತ್ತಿ ಫೈಲುಗಳ ಫಲಕಕ್ಕೆ ಹೋಗಿ, ಬಾಣದ ಕೀಯಲ್ಲಿ ಇಳಿದು, ಸ್ಪೇಸ್ ಒತ್ತಿ ಮರೆಮಾಡಿ, ವಾಪಸ್ ಬರಬೇಕು. ಫಲಕದ ಹೊರಗೆ ಅದೇ ದೊಡ್ಡ 'ಎಫ್' ಅಂದರೆ 'ಹಿಂದಿನ ಫೈಲಿಗೆ ಹೋಗು'. ಒಂದೇ ಕೀ, ಎರಡು ಕಡೆ ಎರಡು ಅರ್ಥ.

ಮೂಲ ತೊಂದರೆ ಇರುವುದೇ ಶಿಫ್ಟ್‌ನಲ್ಲಿ. 'ಇ', 'ಡಬ್ಲ್ಯೂ', 'ಡಿ', 'ಎಫ್', ಹುಡುಕಾಟದ 'ಎನ್' ಎಲ್ಲದರಲ್ಲೂ ಶಿಫ್ಟ್ ಅಂದರೆ ಹಿಮ್ಮುಖ. ಇಷ್ಟು ಕಲಿತ ಕೈ ಉಳಿದದ್ದನ್ನೂ ಹಾಗೇ ಊಹಿಸುತ್ತದೆ. 'ಐ' ಮತ್ತು ನೋಟದಿಂದ ಹೊರಬರುವ 'ಕ್ಯೂ'ಗಳಲ್ಲಿ ಶಿಫ್ಟ್ ಅಂದರೆ 'ಈ ಸಮಯವನ್ನು ಜೊತೆಗೊಯ್ಯು'. ಅದೂ ಒಪ್ಪೋಣ. ಆದರೆ ಸಣ್ಣ 'ಟಿ' ಲಾಗಿನಿಂದ ಪಠ್ಯ ನೋಟಕ್ಕೆ ಒಯ್ದರೆ ದೊಡ್ಡ 'ಟಿ' ಸಾಲುಗಳ ನಡುವೆ ಕಳೆದ ಸಮಯ ತೋರಿಸುತ್ತದೆ. 'ಸಿ' ಕಥೆ ಆಗಲೇ ಹೇಳಿದೆ. ಅಂದಹಾಗೆ ಹೊಸಬರು ಈ 'ಟಿ'ಯನ್ನು ನೆನಪಿಡಿ: ನಮೂನೆ ಗುರುತು ಸಿಗದ ಫೈಲುಗಳು ಲಾಗ್ ನೋಟದಲ್ಲಿ ಕಾಣುವುದಿಲ್ಲ, ಪಠ್ಯ ನೋಟದಲ್ಲಿ ಕೂತಿರುತ್ತವೆ. ಫೈಲ್ ತೆರೆದೇ ಇಲ್ಲ ಎಂದುಕೊಂಡು ಎಷ್ಟೋ ಜನ ಇಲ್ಲೇ ಕೈಬಿಡುತ್ತಾರೆ.

ಇಲ್ಲಿಯವರೆಗೆ ಓದಿ ಬೇಡಪ್ಪ ಅಂದುಕೊಳ್ಳಬೇಡಿ. ಇದರ ಕೀಗಳನ್ನು ನಮಗೆ ಬೇಕಾದ ಹಾಗೆ ಬದಲಿಸಿಕೊಳ್ಳಬಹುದು. ಒಂದು ಪುಟ್ಟ ಜೇಸನ್ (ಸೆಟ್ಟಿಂಗ್ ಬರೆದಿಡುವ ಪಠ್ಯ ನಮೂನೆ) ಫೈಲಿನಲ್ಲಿ ಕೀಯ ಹೆಕ್ಸ್ (ಹದಿನಾರರ ಎಣಿಕೆಯ) ಸಂಖ್ಯೆ ಬರೆದು, ಎದುರಿಗೆ ಕಮ್ಯಾಂಡ್ ಬರೆದರೆ ಮುಗಿಯಿತು. ದೊಡ್ಡ 'ಸಿ'ಯ ಸಂಖ್ಯೆ 43. ನಾನು ಅದಕ್ಕೆ ಬರೇ ಒಂದು ಎಕೋ (ಸಂದೇಶ ತೋರಿಸುವ ಕಮ್ಯಾಂಡ್) ಕೊಟ್ಟಿದ್ದೇನೆ. ಈಗ ಅದು ಏನನ್ನೂ ಅಳಿಸುವುದಿಲ್ಲ. ಫೈಲ್ ಮರೆಮಾಡಲು 'ಹೈಡ್ ಫೈಲ್', ಮತ್ತೆ ತೋರಿಸಲು 'ಶೋ ಫೈಲ್' ಎಂಬ ಕಮ್ಯಾಂಡ್‌ಗಳಿವೆ. ಎರಡೂ ನಕ್ಷತ್ರ ಚಿಹ್ನೆಯ (*, ಅಂದರೆ 'ಇಲ್ಲಿ ಏನಿದ್ದರೂ ಸರಿ') ಪ್ಯಾಟರ್ನ್ ಒಪ್ಪುತ್ತವೆ. ಹಾಗಾಗಿ ನನ್ನಲ್ಲಿ ಎಫ್5 ಒತ್ತಿದರೆ ಹೆಸರಿನಲ್ಲಿ ಆಕ್ಸೆಸ್ ಇರುವ ಫೈಲುಗಳೆಲ್ಲ ಮರೆ, ಎಫ್6 ಒತ್ತಿದರೆ ಎಲ್ಲವೂ ಹಾಜರ್. ಫಲಕದ ಸುತ್ತಾಟವೇ ತಪ್ಪಿತು. ಪ್ರತಿ ಕೀಗೂ ಒತ್ತಿದ ಮೇಲೆ ಕೆಳಗೆ ಕಾಣುವ ಸಣ್ಣ ಸೂಚನೆ ಬರೆದುಕೊಳ್ಳಲು ಜಾಗವಿದೆ. ನಾನು ಅಲ್ಲಿ ಕನ್ನಡದಲ್ಲೇ ಬರೆದಿದ್ದೇನೆ, 'ಮರಳಿ ತರಲು ಎಫ್6' ಎಂದು. ಒತ್ತಕ್ಷರ ಇಲ್ಲದ ಪದಗಳನ್ನು ಹುಡುಕಿ ಬರೆದೆ, ಏಕೆಂದರೆ ನನ್ನ ಟರ್ಮಿನಲ್‌ನಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತವೆ. ಅದು ಟರ್ಮಿನಲ್ ದೋಷ, ಎಲ್‌ನ್ಯಾವ್‌ನದಲ್ಲ. ಆದರೂ ಫಾರ್ಮ್‌ಗಳಲ್ಲಿ ಕನ್ನಡ ಹೆಸರು ತುಂಬುವ ಸೈಟುಗಳ ಲಾಗ್ ಓದುವವರಿಗೆ ಇದು ದಿನಾ ಕಾಡುತ್ತದೆ.

ತೆರೆಯುವ ಮೊದಲೇ ಫೈಲ್ ಆರಿಸಲು ಎಫ್‌ಜೆಡ್‌ಎಫ್ (fzf, ಪಟ್ಟಿಯಿಂದ ಟೈಪ್ ಮಾಡಿ ಆರಿಸುವ ಪ್ರೋಗ್ರಾಂ) ಜೊತೆಗಿಟ್ಟುಕೊಳ್ಳಿ. ಫೈಲು ಹುಡುಕುವ 'ಫೈಂಡ್' ಕಮ್ಯಾಂಡ್ ಕೊಟ್ಟ ಪಟ್ಟಿಯನ್ನು ಅದಕ್ಕೆ ಹಾಯಿಸಿ, ಬಹು ಆಯ್ಕೆಯ 'ಎಂ' ಆಯ್ಕೆ ಸೇರಿಸಿ, ಎರಡು ಮೂರು ಅಕ್ಷರ ಟೈಪ್ ಮಾಡಿ, ಬೇಕಾದವುಗಳ ಮೇಲೆ ಟ್ಯಾಬ್ ಒತ್ತುತ್ತಾ ಹೋಗಿ ಎಂಟರ್ ಕೊಟ್ಟರೆ ಅಷ್ಟೇ ಫೈಲುಗಳು ಎಲ್‌ನ್ಯಾವ್‌ಗೆ ಹೋಗುತ್ತವೆ. ಇದನ್ನು ಶೆಲ್‌ನಲ್ಲಿ ಒಂದು ಅಲಿಯಾಸ್ (ಉದ್ದ ಕಮ್ಯಾಂಡಿಗೆ ಚಿಕ್ಕ ಹೆಸರು) ಮಾಡಿಟ್ಟಿದ್ದೇನೆ. ಫೋಲ್ಡರ್ ಪೂರ್ತಿ ತೆರೆಯುವುದನ್ನು ಆಮೇಲೆ ಬಹಳ ಕಮ್ಮಿ ಮಾಡಿದೆ. ಕಡಿಮೆ ಮೆಮೊರಿಯ ವಿಪಿಎಸ್‌ಗೂ ಇದು ಹಗುರ.

ಇದು ಹಳೆಯ ಸೆಷನ್ ನೆನಪಿಟ್ಟುಕೊಳ್ಳುತ್ತದೆ ಎನ್ನುವುದನ್ನೂ ತಿಳಿದಿರಿ. ಅವೇ ಫೈಲುಗಳನ್ನು ಮತ್ತೆ ತೆರೆದರೆ ಹಿಂದೆ ಹಾಕಿದ ಫಿಲ್ಟರ್, ಗುರುತುಗಳು ವಾಪಸ್ ಬರುತ್ತವೆ. ಅರ್ಧಕ್ಕೆ ಬಿಟ್ಟ ತನಿಖೆ ಮುಂದುವರಿಸಲು ಇದು ವರ. ಸಾಲುಗಳು ಕಮ್ಮಿ ಇವೆ ಅನ್ನಿಸಿದರೆ ಕಂಟ್ರೋಲ್ ಜೊತೆ 'ಎಫ್' ಒತ್ತಿ ಫಿಲ್ಟರ್ ತೆಗೆದು ನೋಡಿ. ಪೂರ್ತಿ ಹೊಸದಾಗಿ ಶುರು ಮಾಡಲು ಕಂಟ್ರೋಲ್ ಜೊತೆ 'ಆರ್'.

ಹಾಕಿಕೊಳ್ಳುವವರಿಗೆ ಎರಡು ಮಾತು. ನಿಮ್ಮ ಲಿನಕ್ಸ್ ಡಿಸ್ಟ್ರೋ (ಲಿನಕ್ಸ್‌ನ ಆವೃತ್ತಿ) ಕೊಡುವ ಪ್ಯಾಕೇಜ್ ಸಾಮಾನ್ಯವಾಗಿ ಹಳೆಯದು, ಗಿಟ್‌ಹಬ್‌ನಿಂದ ಹೊಸ ಬೈನರಿ ತನ್ನಿ. ಡೆಬಿಯನ್, ಉಬುಂಟು ಆದರೆ ಲಾಗ್ ಓದಲು ಪ್ರತಿ ಸಲ ಸುಡೋ (ಅಡ್ಮಿನ್ ಅಧಿಕಾರ ಕೊಡುವ ಕಮ್ಯಾಂಡ್) ಹಾಕುವ ಬದಲು ನಿಮ್ಮ ಯೂಸರನ್ನು 'ಎಡಿಎಂ' ಗುಂಪಿಗೆ ಸೇರಿಸಿ. ಅಲ್ಲಿನ ಬಹುಪಾಲು ಲಾಗ್‌ಗಳನ್ನು ಓದಲು ಅಷ್ಟು ಅನುಮತಿ ಸಾಕು. ಆಮೇಲೆ, ಬೇರೆ ಯಾವ ಕೀ ಕಲಿಯುವ ಮೊದಲೂ, ದೊಡ್ಡ 'ಸಿ'ಯ ಆ 43 ಎಂಬ ಹೆಕ್ಸ್ ಸಂಖ್ಯೆಗೆ ಎಕೋ ಕೂರಿಸಿಬಿಡಿ.