ತಂತ್ರಗಳ ನಿಷೇಧವೋ, ಹಿಂದೆ ಸರಿಯುವ ಹಕ್ಕೋ?

ಆನ್‌ಲೈನ್ ಮಾರಾಟದ ಒತ್ತಡದಿಂದ ಗ್ರಾಹಕರನ್ನು ಕಾಯುವ ಕಾನೂನು ಬೇಕೆನ್ನುವವರ ಮುಂದೆ ಎರಡು ದಾರಿಗಳಿವೆ.

ಒಂದು, ತಂತ್ರಗಳನ್ನೇ ಹೆಸರಿಸಿ ನಿಷೇಧಿಸುವುದು. ಭಾರತದ 2023ರ ಮಾರ್ಗಸೂಚಿ ಇಂಥ 13 ‘ಡಾರ್ಕ್ ಪ್ಯಾಟರ್ನ್’ಗಳನ್ನು (ಗ್ರಾಹಕರನ್ನು ದಾರಿ ತಪ್ಪಿಸುವ ವಿನ್ಯಾಸಗಳನ್ನು) ಪಟ್ಟಿ ಮಾಡಿದೆ: ಸುಳ್ಳು ತುರ್ತು, ಕೇಳದೆಯೇ ಬುಟ್ಟಿಗೆ ಸೇರುವ ವಸ್ತು, ಕೊನೆಯ ಹಂತದಲ್ಲಿ ಏರುವ ಬೆಲೆ, ಬಿಡಿಸಿಕೊಳ್ಳಲಾಗದ ಚಂದಾದಾರಿಕೆ. ಹಣ ಕೈಬಿಡುವ ಮೊದಲೇ ತಡೆಯುವುದು ಇದರ ಬಲ. ಆದರೆ ಜಾರಿಗೊಳಿಸುವವರು ಮಲಗಿದರೆ ಪಟ್ಟಿ ಬರೀ ಕಾಗದ.

ಇನ್ನೊಂದು, ಮನಸ್ಸು ಬದಲಿಸುವ ಹಕ್ಕು. ಐರೋಪ್ಯ ಒಕ್ಕೂಟದ 2011ರ ನಿರ್ದೇಶನದಂತೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಆನ್‌ಲೈನ್‌ನಲ್ಲಿ ಕೊಂಡ ವಸ್ತು ಕೈಸೇರಿದ (ಸೇವೆಯಾದರೆ ಒಪ್ಪಂದವಾದ) 14 ದಿನಗಳೊಳಗೆ ಕಾರಣ ಕೊಡದೆ ಖರೀದಿಯಿಂದ ಹಿಂದೆ ಸರಿಯಬಹುದು. ಮಾರಾಟಗಾರ ಈ ಹಕ್ಕನ್ನು ತಿಳಿಸದಿದ್ದರೆ ಅವಧಿ ಇನ್ನೂ 12 ತಿಂಗಳು ಹಿಗ್ಗುತ್ತದೆ. ನನಗೆ ಬಹಳ ಹಿಡಿಸುವ ನಿಯಮವಿದು: ಮುಚ್ಚಿಟ್ಟವನಿಗೇ ನಷ್ಟ. ಮೋಸವನ್ನು ಸಾಬೀತುಪಡಿಸುವ ಹೊರೆಯೂ ಗ್ರಾಹಕರ ಮೇಲಿಲ್ಲ. (ಒಕ್ಕೂಟ ಇದೊಂದನ್ನೇ ನೆಚ್ಚಿಲ್ಲ, ‘ಸ್ವಲ್ಪ ಹೊತ್ತು ಮಾತ್ರ ಲಭ್ಯ’ ಎಂಬ ಸುಳ್ಳನ್ನು 2005ರ ನಿರ್ದೇಶನದಲ್ಲೇ ನಿಷೇಧಿಸಿದೆ.)

ಒಂದನ್ನೇ ಕೇಳಬಹುದಾದರೆ ಎರಡನೆಯದನ್ನು ಕೇಳಿ. ಅವಸರದಲ್ಲಿ ಕೊಂಡವರಿಗೆ ಉಸಿರಾಡಲು ಸಮಯ ಸಿಗುತ್ತದೆ. ಚಂದಾದಾರಿಕೆಯ ಮಾತು ಬೇರೆ. ತಿಂಗಳು ತಿಂಗಳು ಸದ್ದಿಲ್ಲದೆ ಕಡಿತವಾಗುವ ಹಣ ಕಣ್ಣಿಗೆ ಬೀಳುವಷ್ಟರಲ್ಲಿ 14 ದಿನ ಎಂದೋ ಕಳೆದಿರುತ್ತದೆ. ಅಲ್ಲಿ ನಿಷೇಧವೇ ಬೇಕು.